ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು

ಊರಿನಿಂದ ಬಂದ ನೆಂಟರನ್ನು ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕಡೆ ಸುತ್ತಾಡಿಸಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಪ್ಪು ಟೋಪಿಯ ಗಂಡಸರು, ಬೂದು ಬಣ್ಣದ ಕುದುರೆಗಾಡಿಗಳು, ಹೇಸರಗತ್ತೆ ಕಟ್ಟಿ ಉಳುವ ಹುಡುಗರು, ಇದನ್ನೆಲ್ಲ ನೋಡಿದ ಮೇಲೆ ಹಿಂದಿನ ಸೀಟಿನಿಂದ ಯಾರಾದರೂ ಕೇಳುತ್ತಾರೆ: ಇವರಲ್ಲಿ ಮದುವೆ ಹೇಗೆ? ಮನೆಯವರು ನೋಡಿ ಮಾಡೋದಾ, ಅವರವರೇ ಇಷ್ಟಪಟ್ಟು ಆಗೋದಾ?

ಅವರವರೇ ಇಷ್ಟಪಟ್ಟು ಆಗುವುದು. ಇವರು ಆಮಿಶ್ ಎಂಬ ಕ್ರೈಸ್ತ ಪಂಗಡದವರು. ಆಮಿಶ್ ಮನೆಗಳಲ್ಲಿ ಅಪ್ಪ ಅಮ್ಮ ಜೋಡಿ ಹುಡುಕುವುದಿಲ್ಲ. ಜಾತಕ ಇಲ್ಲ, ಹೆಣ್ಣು ನೋಡುವ ಶಾಸ್ತ್ರ ಇಲ್ಲ, ವರದಕ್ಷಿಣೆ ಇಲ್ಲ. ಆದರೆ ಇಬ್ಬರೂ ದೊಡ್ಡವರಾದ ಮೇಲೆ ತಾವಾಗಿ ದೀಕ್ಷಾಸ್ನಾನ ಪಡೆದು ಚರ್ಚಿಗೆ ಸೇರಿರಬೇಕು. ಹೊರಗಿನವರನ್ನು ಮದುವೆಯಾಗುವ ಹಾಗಿಲ್ಲ. ಆದ ಮೇಲೆ ವಿಚ್ಛೇದನ ಇಲ್ಲ.

ಇಷ್ಟು ಹೇಳಿದರೆ ನೆಂಟರಿಗೆ ಸಮಾಧಾನ ಆಗುತ್ತದೆ, ನನಗೆ ಆಗುವುದಿಲ್ಲ. ಯಾಕೆಂದರೆ ಪ್ರೀತಿ ಪ್ರೇಮದ ಬಗ್ಗೆ ಯಾವುದೇ ಆಮಿಶ್ ಹೆಂಗಸನ್ನು ಕೇಳಿ ನೋಡಿ, ಅವರು ಹಾಲು ಕರೆಯುವುದರಿಂದ ಶುರು ಮಾಡುತ್ತಾರೆ, ಬಟ್ಟೆ ಒಗೆಯುವುದಕ್ಕೆ ಹೋಗುತ್ತಾರೆ, ಸೇಬು ಹೆಚ್ಚುವುದಕ್ಕೆ ಬರುತ್ತಾರೆ. ಆ ಕೆಲಸಗಳ ನಡುವೆಯೇ ಎಲ್ಲೋ ಹುಡುಗ ಬಂದು ಹೋಗಿರುತ್ತಾನೆ. ಎರಡನ್ನೂ ಬಿಡಿಸಿ ಹೇಳಲು ಅವರಿಗೆ ಬರುವುದೇ ಇಲ್ಲ. ಈ ಬರಹ ಅದರ ಬಗ್ಗೆ.

ನನಗೆ ಇದೆಲ್ಲ ಗೊತ್ತಾಗಿದ್ದು ಕಾರು ಓಡಿಸಿ. ಆಮಿಶರು ಕಾರು ಇಟ್ಟುಕೊಳ್ಳುವುದಿಲ್ಲ, ಆದರೆ ಬೇರೆಯವರ ಕಾರಿನಲ್ಲಿ ಕೂರುವುದಕ್ಕೆ ಅಡ್ಡಿ ಇಲ್ಲ. ಹಾಗಾಗಿ ಇಲ್ಲಿ ಆಮಿಶರಿಗೆ ಕಾರು ಓಡಿಸುವುದೇ ಒಂದು ಕೆಲಸ. ದೂರದ ಆಸ್ಪತ್ರೆ, ಅಕ್ಕನ ಮನೆ, ಸಾವಿನ ಮನೆ, ಎಲ್ಲಕ್ಕೂ ಗೊತ್ತಿರುವ ಒಬ್ಬರನ್ನು ಕರೆಯುತ್ತಾರೆ. ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಹೊಲಮನೆಯ ಅಜ್ಜಿಗೆ ಕೆಲವು ವರ್ಷಗಳಿಂದ ನಾನು ಹಾಗೆ ಹೋಗುತ್ತೇನೆ. ಎಂಬತ್ತರ ಆಸುಪಾಸು ವಯಸ್ಸು. ಹೆಸರು ಬರೆಯುವುದಿಲ್ಲ. ಫೋಟೋಗೆ ಮುಖ ಕೊಡದವರು, ಹೆಸರು ಹಾಕಿಸಿಕೊಳ್ಳುವುದನ್ನೂ ಇಷ್ಟಪಡುವುದಿಲ್ಲ. ಕಥೆ ಬರೆದರೆ ಬೇಜಾರಿಲ್ಲ, ನಾನು ಯಾರು ಅಂತ ಗೊತ್ತಾಗಬಾರದು ಅಷ್ಟೇ ಅಂದಿದ್ದಾರೆ. ನಾನು ಮಲೆನಾಡಿನವಳು, ಚಿಕ್ಕಂದಿನಲ್ಲಿ ಹಸು ಕರೆದಿದ್ದೇನೆ ಅಂತ ಹೇಳಿದ ದಿನದಿಂದ ಅವರು ನನ್ನ ಜೊತೆ ಮಾತಾಡುವ ರೀತಿಯೇ ಬೇರೆಯಾಯಿತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇವರು ಸ್ವಿಟ್ಜರ್ಲೆಂಡ್, ಆಲ್ಸಾಸ್ ಕಡೆಯ ಅನಬಾಪ್ಟಿಸ್ಟ್ ಕ್ರೈಸ್ತರು. 1693ರಲ್ಲಿ ಯಾಕೋಬ್ ಅಮ್ಮನ್ ಎಂಬಾತನ ಹಿಂದೆ ಹೋದ ಗುಂಪಿಗೆ ಆಮಿಶ್ ಅಂತ ಹೆಸರು ಬಂತು. ಹುಟ್ಟಿದ ಮಗುವಿಗೆ ದೀಕ್ಷೆ ಕೊಡಬಾರದು, ಬುದ್ಧಿ ಬಂದ ಮೇಲೆ ತಾನೇ ನಿರ್ಧರಿಸಬೇಕು ಅಂದಿದ್ದಕ್ಕೆ ಇವರ ಹಿರಿಯರನ್ನು ಯುರೋಪಿನಲ್ಲಿ ಸುಟ್ಟರು, ಮುಳುಗಿಸಿದರು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಗೆ ಬಂದರು. ಇವತ್ತು ಉತ್ತರ ಅಮೆರಿಕದಲ್ಲಿ ಸುಮಾರು 4 ಲಕ್ಷ ಜನ ಇದ್ದಾರೆ, ಸುಮಾರು 20 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದಾರೆ. ಮನೆಯಲ್ಲಿ ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ನುಡಿ, ಶಾಲೆಯಲ್ಲಿ ಇಂಗ್ಲಿಷ್. ಕಂಬದಿಂದ ಕರೆಂಟು ಎಳೆಸುವುದಿಲ್ಲ. ಯಾವುದು ಸರಿ, ಯಾವುದು ಕೂಡದು ಎಂಬ ಕಟ್ಟಳೆಯನ್ನು ಪ್ರತಿ ಚರ್ಚು ತಾನೇ ತೀರ್ಮಾನಿಸುತ್ತದೆ. ಒಂದು ಚರ್ಚು ಅಂದರೆ ಸುಮಾರು ಮೂವತ್ತು ಮನೆ. ಹಾಗಾಗಿ ನಾನು ಹೇಳುವುದು ಲ್ಯಾಂಕಾಸ್ಟರಿನ ಮಾತು. ಓಹಾಯೋದಲ್ಲಿ ಬೇರೆ ಇರಬಹುದು, ಪಕ್ಕದ ಕಣಿವೆಯಲ್ಲೇ ಬೇರೆ ಇರಬಹುದು.

ಅಜ್ಜಿಯ ಹತ್ತಿರ ಒಂದು ಹಳೆಯ ನೋಟುಪುಸ್ತಕ ಇದೆ. ಅದರ ಹಿಂದೆ ಒಂದು ಚರಿತ್ರೆಯೇ ಇದೆ. 1950ರ ದಶಕದಲ್ಲಿ, ಎಂಟನೇ ತರಗತಿ ಮುಗಿಸಿದ ಮಕ್ಕಳನ್ನು ಹೈಸ್ಕೂಲಿಗೆ ಕಳಿಸಲು ಒಪ್ಪದ ಆಮಿಶ್ ಅಪ್ಪಂದಿರನ್ನು ಪೆನ್ಸಿಲ್ವೇನಿಯಾ ಸರ್ಕಾರ ಜೈಲಿಗೆ ಹಾಕುತ್ತಿತ್ತು. ಕೊನೆಗೆ 1955ರಲ್ಲಿ ರಾಜಿಯಾಯಿತು. ಎಂಟನೇ ತರಗತಿ ಆದ ಮಕ್ಕಳು ವಾರಕ್ಕೆ ಮೂರು ಗಂಟೆ ಮಾತ್ರ ಒಂದು ಮನೆಯಲ್ಲಿ ಸೇರಿ ಪಾಠ ಕಲಿಯಬೇಕು, ಉಳಿದ ಹೊತ್ತು ಮನೆಯಲ್ಲಿ ಏನೇನು ಕೆಲಸ ಮಾಡಿದೆವು ಅಂತ ದಿನಚರಿ ಬರೆದು ಮೇಷ್ಟರಿಗೆ ತೋರಿಸಬೇಕು. ಮನೆಗೆಲಸವೇ ಪಾಠ, ಅದನ್ನು ಬರೆಯುವುದೇ ಹೋಮ್‌ವರ್ಕ್. ಮುಂದೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿಸ್ಕಾನ್ಸಿನ್ ವಿರುದ್ಧ ಯೋಡರ್ ಪ್ರಕರಣದಲ್ಲಿ ಆಮಿಶರ ಪರ ತೀರ್ಪು ಕೊಟ್ಟಿತು. ಆದರೆ ಅಜ್ಜಿ ಹದಿನಾಲ್ಕರ ಹುಡುಗಿ ಆಗಿದ್ದಾಗ ಈ ದಿನಚರಿ ಬರೆಯಲೇಬೇಕಿತ್ತು. ಹದಿನೈದು ತುಂಬಿದ ಮೇಲೆ ಯಾರೂ ಕೇಳದಿದ್ದರೂ ಅವರು ಬರೆಯುವುದು ನಿಲ್ಲಿಸಲಿಲ್ಲ.

ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಅಡುಗೆಮನೆ ಮೇಜಿನ ಮೇಲೆ ಅದನ್ನು ಬಿಚ್ಚಿ ತೋರಿಸಿದರು. ಪೆನ್ಸಿಲ್ ಬರಹ, ಇಂಗ್ಲಿಷು, ದಿನಕ್ಕೆ ಎರಡು ಸಾಲು. "ಸೋಮವಾರ. ಹಾಲು ಕರೆದೆ. ಒಗೆದೆವು. ಗಾಳಿ ಚೆನ್ನಾಗಿತ್ತು." "ಮಂಗಳವಾರ. ಹಾಲು ಕರೆದೆ. ಇಸ್ತ್ರಿ. ಬಟಾಣಿ ಬಿಡಿಸಿದೆವು." ಪುಟ ಪುಟವೂ ಹೀಗೇ. ಖುಷಿ ಆಯಿತು, ಬೇಜಾರಾಯಿತು ಅಂತ ಒಂದು ಕಡೆಯೂ ಇಲ್ಲ. ಆದರೆ ಓದುತ್ತಾ ಹೋದರೆ ಆ ಮನೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ.

ಅವರ ಮನೆಯಲ್ಲಿ ಆಗ ಹನ್ನೆರಡು ಹಸು. ಬೆಳಗಿನ ಜಾವ ನಾಲ್ಕೂವರೆಗೆ ಅಪ್ಪ ಮೆಟ್ಟಿಲ ಕೆಳಗಿನಿಂದ ಒಂದೇ ಸಲ ಕೂಗುತ್ತಿದ್ದರು. ಎರಡನೇ ಸಲ ಕೂಗಿದ್ದು ಯಾರಿಗೂ ನೆನಪಿಲ್ಲ. ಅಪ್ಪ, ಅಣ್ಣ, ಅಕ್ಕ, ಇವರು, ನಾಲ್ಕು ಜನ ತಲಾ ಮೂರು ಹಸು. ಆಗ ಕೈಯಲ್ಲೇ ಕರೆಯುವುದು. ಲಾಂದ್ರದ ಬೆಳಕು, ಚಳಿಗಾಲದಲ್ಲಿ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡರೆ ಸಿಗುವ ಬಿಸಿ. ಹಾಲನ್ನು ಕ್ಯಾನುಗಳಿಗೆ ತುಂಬಿ ಊಟೆಯ ನೀರಿನಲ್ಲಿ ತಣ್ಣಗೆ ಇಡಬೇಕು, ಲಾರಿ ಬರುವಷ್ಟರಲ್ಲಿ ರಸ್ತೆ ಬದಿಗೆ ಸಾಗಿಸಬೇಕು. ಭಾನುವಾರ ಮಾತ್ರ ಲಾರಿ ಬರುವ ಹಾಗಿಲ್ಲ. ಭಾನುವಾರ ವ್ಯಾಪಾರ ಕೂಡದು ಅಂತ ಆಮಿಶರು ಡೈರಿಯವರ ಜೊತೆ ವರ್ಷಗಟ್ಟಲೆ ಹಟ ಹಿಡಿದಿದ್ದಾರೆ. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ, ಅದನ್ನು ಕರೆಯಲೇಬೇಕು. ಮುಂದೆ ಡೀಸೆಲ್ ಇಂಜಿನ್ನಿನಿಂದ ನಡೆಯುವ ಹಾಲು ಕರೆಯುವ ಮೆಷಿನ್ನು, ಹಾಲು ತಣಿಸುವ ಟ್ಯಾಂಕು ಎಲ್ಲ ಬಂತು. ಅಜ್ಜಿಗೆ ಈಗಲೂ ಬೆರಳ ಗೆಣ್ಣುಗಳು ದಪ್ಪ.

ಸೋಮವಾರ ಅಂದರೆ ಬಟ್ಟೆ ಒಗೆಯುವ ದಿನ. ಇದು ಇವತ್ತಿಗೂ ಬದಲಾಗಿಲ್ಲ. ಸೋಮವಾರ ಬೆಳಿಗ್ಗೆ ಇಲ್ಲಿನ ರಸ್ತೆಗಳಲ್ಲಿ ಹೋದರೆ ಪ್ರತಿ ಆಮಿಶ್ ಮನೆಯಿಂದಲೂ ಉದ್ದಕ್ಕೆ ಬಟ್ಟೆಯ ಸಾಲು ಕಾಣುತ್ತದೆ. ಮನೆಯ ಜಗಲಿಯಲ್ಲಿ ಒಂದು ರಾಟೆ, ದೂರದ ಎತ್ತರದ ಕಂಬದಲ್ಲೋ ಕೊಟ್ಟಿಗೆಯ ತುದಿಯಲ್ಲೋ ಇನ್ನೊಂದು ರಾಟೆ, ನಡುವೆ ಹಗ್ಗ. ನಿಂತ ಜಾಗದಲ್ಲೇ ಒಂದೊಂದೇ ಬಟ್ಟೆ ಸಿಕ್ಕಿಸಿ ಹಗ್ಗ ಎಳೆದರೆ ಅದು ಮೇಲೆ ಹೋಗುತ್ತದೆ. ಒಗೆಯುವುದು ಹಳೆಯ ಕಾಲದ ಮೇಟ್ಯಾಗ್ ಮೆಷಿನ್ನಿನಲ್ಲಿ, ಅದಕ್ಕೆ ಪೆಟ್ರೋಲ್ ಇಂಜಿನ್ನು ಕಟ್ಟಿರುತ್ತಾರೆ, ಮೇಲೆ ಬಟ್ಟೆ ಹಿಂಡುವ ಎರಡು ರೋಲರ್. ಕಬ್ಬಿಣದ ಹಂಡೆಯಲ್ಲಿ ನೀರು ಕಾಯಿಸಿ, ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕಡೆಗೆ ಕೊಟ್ಟಿಗೆಯ ಪ್ಯಾಂಟುಗಳು, ಎಲ್ಲಕ್ಕೂ ಅದೇ ನೀರು. ಹಗ್ಗಕ್ಕೆ ಹಾಕುವುದಕ್ಕೂ ಕ್ರಮ ಇದೆ. ಅಂಗಿಗಳು ಒಂದು ಕಡೆ, ದೊಡ್ಡದರಿಂದ ಚಿಕ್ಕದಕ್ಕೆ. ಫ್ರಾಕುಗಳು ಒಂದು ಕಡೆ, ನೀಲಿ, ಹಸಿರು, ನೇರಳೆ. ಹಗ್ಗ ನೋಡಿಯೇ ಆ ಮನೆಯಲ್ಲಿ ಎಷ್ಟು ಮಕ್ಕಳು, ಹೊಸ ಮಗು ಬಂದಿದೆಯಾ, ಯಾರಾದರೂ ಉಳಿದುಕೊಂಡಿದ್ದಾರಾ ಅಂತ ರಸ್ತೆಯಲ್ಲಿ ಹೋಗುವ ಹೆಂಗಸರು ಓದಿಬಿಡುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ.

ಬೇಸಿಗೆ ಪೂರ್ತಿ ಬಾಟಲಿಗೆ ತುಂಬುವ ಕೆಲಸ. ಬಟಾಣಿ, ಬೀನ್ಸು, ಪೀಚ್ ಹಣ್ಣು, ಟೊಮೇಟೊ, ಸೇಬಿನ ಸಾಸ್. ನೂರಾರು ಗಾಜಿನ ಜಾಡಿ ನೆಲಮಾಳಿಗೆಯ ಹಲಗೆಗಳ ಮೇಲೆ. ಆಗಸ್ಟಿನಲ್ಲಿ ತಂಬಾಕು ಕಡಿದು, ಕಡ್ಡಿಗೆ ಪೋಣಿಸಿ, ಶೆಡ್ಡಿನಲ್ಲಿ ತೂಗುಹಾಕುತ್ತಿದ್ದರು. ಧರ್ಮಭೀರು ಆಮಿಶರು ತಂಬಾಕು ಬೆಳೆಯುತ್ತಿದ್ದರಾ ಅಂತ ಕೆಲವರಿಗೆ ಆಶ್ಚರ್ಯ. ಲ್ಯಾಂಕಾಸ್ಟರಿನಲ್ಲಿ ಎಷ್ಟೋ ಹೊಲಗಳ ಸಾಲ ತೀರಿಸಿದ್ದೇ ಅದು. ಚಳಿಗಾಲದಲ್ಲಿ ಹವೆ ತೇವ ಆಗುವುದನ್ನೇ ಕಾಯಬೇಕು, ಒಣಗಿದ ಎಲೆಯನ್ನು ಹಾಗೇ ಮುಟ್ಟಿದರೆ ಪುಡಿ ಪುಡಿ. ತೇವ ಕುಡಿದು ಮೆತ್ತಗಾದ ಮೇಲೆ ಇಳಿಸಿ, ಮನೆಮಂದಿಯೆಲ್ಲ ಒಂದು ಚಿಕ್ಕ ಕೋಣೆಯಲ್ಲಿ ಸ್ಟವ್ ಹಚ್ಚಿಕೊಂಡು ಎಲೆ ಬಿಡಿಸಲು ಕೂರುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಅದೇ. ತಾನು ಕೇಳಿದ ಕಥೆಗಳೆಲ್ಲ ಆ ಕೋಣೆಯಲ್ಲಿ ಕೇಳಿದ್ದು ಅಂತಾರೆ ಅಜ್ಜಿ.

ಹದಿನಾರು ತುಂಬಿದರೆ ಭಾನುವಾರ ರಾತ್ರಿ ಹುಡುಗ ಹುಡುಗಿಯರು ಸೇರಿ ಹಾಡುವ ಸಿಂಗಿಂಗಿಗೆ ಹೋಗಬಹುದು. ಟಿವಿಯಲ್ಲಿ ಈ ವಯಸ್ಸನ್ನು ಕುಡಿತ, ಪಾರ್ಟಿ ಅಂತಲೇ ತೋರಿಸಿ ತೋರಿಸಿ ಜನರ ತಲೆ ಕೆಡಿಸಿದ್ದಾರೆ. ಅಂಥ ಹುಡುಗರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಮಕ್ಕಳ ಪಾಲಿಗೆ ಅದು ವಾಲಿಬಾಲ್, ಚಳಿಗಾಲದಲ್ಲಿ ಸ್ಕೇಟಿಂಗ್, ಮತ್ತೆ ಹಾಡು. ಚರ್ಚು ಅಂದರೆ ಕಟ್ಟಡ ಇಲ್ಲ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪೂಜೆ, ಬೆಂಚುಗಳನ್ನು ತುಂಬಿದ ಗಾಡಿ ಮನೆಯಿಂದ ಮನೆಗೆ ಹೋಗುತ್ತದೆ. ಬೆಳಿಗ್ಗೆ ಹಾಡುವುದು ಔಸ್‌ಬುಂಡ್ ಎಂಬ 1564ರ ಹಾಡುಪುಸ್ತಕದಿಂದ. ಅದರ ಮೂಲ ಹಾಡುಗಳು ಪಾಸಾವು ಕೋಟೆಯಲ್ಲಿ ಸೆರೆಯಿದ್ದ ಅನಬಾಪ್ಟಿಸ್ಟರು ಬರೆದವು. ಒಂದೇ ಹಾಡು ಇಪ್ಪತ್ತು ನಿಮಿಷ ಎಳೆಯುವುದುಂಟು. ಸಂಜೆ ಅದೇ ಬೆಂಚುಗಳ ಮೇಲೆ ಹುಡುಗರು ಒಂದು ಕಡೆ, ಹುಡುಗಿಯರು ಎದುರು ಕಡೆ, ಆಗಿನ ಹಾಡುಗಳು ಸ್ವಲ್ಪ ವೇಗ. ಹಾಡು ಮುಗಿದ ಮೇಲೆ ಯಾವ ಹುಡುಗ ಯಾವ ಹುಡುಗಿಯನ್ನು ಮನೆಗೆ ಬಿಡುತ್ತಾನೆ, ಅದೇ ಮುಖ್ಯ.

ಹುಡುಗ ನೇರ ಬಂದು ಕೇಳುವುದಿಲ್ಲ. ಅಜ್ಜಿಯ ಕಾಲದಲ್ಲಂತೂ ಸ್ನೇಹಿತನನ್ನು ಕಳಿಸುತ್ತಿದ್ದರು. ಕತ್ತಲಲ್ಲಿ ಕುದುರೆಗಳ ಹತ್ತಿರ ನಿಂತಿದ್ದಾಗ ಒಬ್ಬ ಬಂದು, ಇಂಥವನು ನಿನ್ನನ್ನು ಮನೆಗೆ ಬಿಡಬಹುದಾ ಅಂತ ಕೇಳಿದ್ದಾನೆ ಅಂದ. ಇವರು ಆಗಲಿ ಅಂದರು. ಅಷ್ಟೇ. ಹುಡುಗರ ಕುದುರೆಗಾಡಿಗೆ ಮೇಲೆ ಮುಚ್ಚಿಗೆ ಇರಲಿಲ್ಲ. ಮಳೆ ಬಂದರೆ ಛತ್ರಿ, ಹಿಮ ಬಂದರೆ ಕಂಬಳಿ. ಕುದುರೆ ಮಾತ್ರ ಚುರುಕು, ಹೆಚ್ಚಿನವು ರೇಸಿನಿಂದ ನಿವೃತ್ತಿಯಾದ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳು. ಮೊದಲ ಸಲ ಏನು ಮಾತಾಡಿದಿರಿ ಅಂತ ಕೇಳಿದೆ. "ಕುದುರೆ ಬಗ್ಗೆ. ಮೂರು ಮೈಲಿ ಅದರ ಬಗ್ಗೆಯೇ ಹೇಳಿದ. ಒಳ್ಳೆಯದಾಯಿತು, ಪ್ರಾಣಿ ಬಗ್ಗೆ ಮಾತಾಡುವಾಗ ಮನುಷ್ಯ ಹೇಗೆ ಅಂತ ಗೊತ್ತಾಗುತ್ತದೆ."

ಆಮೇಲೆ ಹದಿನೈದು ದಿನಕ್ಕೊಮ್ಮೆ ಭೇಟಿ. ಮನೆಯವರಿಗೆ ಗೊತ್ತಿಲ್ಲ. ಅಥವಾ ಗೊತ್ತಿಲ್ಲದ ಹಾಗೆ ಇರುತ್ತಾರೆ. ಎಲ್ಲರೂ ಮಲಗಿದ ಮೇಲೆ ಹುಡುಗಿಯ ಕಿಟಕಿಗೆ ಬ್ಯಾಟರಿ ಬೆಳಕು ಬಿಡುವುದು ಹಳೆಯ ರೂಢಿ. ಅವಳು ಸದ್ದಿಲ್ಲದೆ ಕೆಳಗೆ ಬರುತ್ತಾಳೆ. ಅಡುಗೆಮನೆಯಲ್ಲಿ ದೀಪ ಸಣ್ಣ ಮಾಡಿ ಕೂರುತ್ತಾರೆ. ಪೈ ತಿನ್ನುತ್ತಾರೆ, ಪಾಪ್‌ಕಾರ್ನ್, ಮನೆಯಲ್ಲೇ ಮಾಡಿದ ರೂಟ್ ಬಿಯರ್ ಎಂಬ ಸಿಹಿ ಪಾನಕ. ಮಾತು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇಂಟರ್ನೆಟ್ಟಿನಲ್ಲಿ ಆಮಿಶ್ ಅಂತ ಹುಡುಕಿದವರೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಹುಡುಗ ಹುಡುಗಿ ಬಟ್ಟೆ ಹಾಕಿಕೊಂಡೇ ಒಂದೇ ಹಾಸಿಗೆಯಲ್ಲಿ ಮಲಗಿ ಮಾತಾಡುವ ಬಂಡ್ಲಿಂಗ್ ಎಂಬ ಪದ್ಧತಿ. ಅದು ಇದ್ದದ್ದು ನಿಜ. ಆದರೆ ಅದು ಆಮಿಶರದ್ದೇ ಅಲ್ಲ, ಮನೆಗಳನ್ನು ಬೆಚ್ಚಗಿಡಲು ಆಗದ ಕಾಲದಲ್ಲಿ ಯುರೋಪಿನಲ್ಲೂ ನ್ಯೂ ಇಂಗ್ಲೆಂಡಿನಲ್ಲೂ ಸಾಮಾನ್ಯವಾಗಿತ್ತು. ಇವತ್ತು ಸ್ವಾರ್ಟ್‌ಜೆಂಟ್ರೂಬರ್‌ನಂಥ ಕೆಲವು ತೀರಾ ಸಂಪ್ರದಾಯಸ್ಥ ಪಂಗಡಗಳಲ್ಲಿ ಮಾತ್ರ ಉಳಿದಿದೆ. ಹೆಚ್ಚಿನ ಚರ್ಚುಗಳು ಅದನ್ನು ಯಾವಾಗಲೋ ಬಿಟ್ಟಿವೆ. ಅದನ್ನೇ ಹಿಡಿದು ಇಡೀ ಜನರನ್ನು ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಹುಡುಗನ ಮನೆ ಹನ್ನೊಂದು ಮೈಲಿ ದೂರ. ರಾತ್ರಿ ಎರಡಕ್ಕೆ ಹೊರಟರೆ ಮೂರೂವರೆಗೆ ಮನೆ. ಗಾಡಿಯಲ್ಲೇ ನಿದ್ದೆ ಮಾಡುತ್ತಿದ್ದನಂತೆ, ಕುದುರೆಗೆ ದಾರಿ ಗೊತ್ತು. ಇನ್ನೊಂದು ಗಂಟೆಗೆ ಅವನ ಅಪ್ಪನ ಕೂಗು. ಎಲ್ಲಿಗೇ ಹೋಗು, ಎಷ್ಟು ಹೊತ್ತಿಗೇ ಬಾ, ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕು. ಆ ಕಾಲದ ಎಲ್ಲ ಮನೆಗಳಲ್ಲೂ ಇದ್ದ ಒಂದೇ ನಿಯಮ ಅದು ಅಂತಾರೆ ಅಜ್ಜಿ.

ಇದನ್ನು ಹೇಳುತ್ತಾ ಅವರು ನೋಟುಪುಸ್ತಕದ ಒಂದು ಪುಟಕ್ಕೆ ಬೆರಳಿಟ್ಟರು. "ಸೋಮವಾರ. ಹಾಲು ಕರೆದೆ. ಒಗೆದೆವು. ನಿದ್ದೆ ಬರುತ್ತಿತ್ತು." ಮುಂದಿನ ಸೋಮವಾರ ಬರೀ ಒಗೆದೆವು. ಅದರ ಮುಂದಿನ ಸೋಮವಾರ ಮತ್ತೆ ನಿದ್ದೆ. ಪುಟ ತಿರುಗಿಸುತ್ತಾ ಹೋದೆ. ವಾರ ಬಿಟ್ಟು ವಾರ ನಿದ್ದೆ. ಒಂದೂವರೆ ವರ್ಷದ ಪ್ರೇಮ ಅಲ್ಲಿ ಇರುವುದು ಅಷ್ಟೇ. ಹುಡುಗನ ಹೆಸರು ಇಲ್ಲ, ಬಂದ ಅಂತ ಇಲ್ಲ, ಹೋದ ಅಂತ ಇಲ್ಲ. ನಾನು ಎಷ್ಟೋ ಪ್ರೇಮಪತ್ರ ಓದಿದ್ದೇನೆ. ಇಷ್ಟು ಒಳಗೆ ತಾಗಿದ್ದು ಕಡಿಮೆ.

ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅಪ್ಪ. ಕರು ಹಾಕಲಿದ್ದ ಹಸುವೊಂದು ಸಂಜೆಯಿಂದಲೇ ಒದ್ದಾಡುತ್ತಿತ್ತು, ನೋಡಲು ಎದ್ದಿದ್ದರು. ಮೇಜಿನ ಹತ್ತಿರ ಮಗಳು, ಒಬ್ಬ ಹುಡುಗ, ಅರ್ಧ ತಿಂದ ಪೈ. ಅಪ್ಪ ಏನೂ ಕೇಳಲಿಲ್ಲ. ಲಾಂದ್ರ ಅವನ ಕೈಗೆ ಕೊಟ್ಟು ಮುಂದೆ ನಡೆದರು. ಕರುವಿನ ಕಾಲು ತಿರುಚಿಕೊಂಡಿತ್ತು. ಹುಡುಗ ಭಾನುವಾರದ ಕೋಟು ತೆಗೆದು ಗೂಟಕ್ಕೆ ಹಾಕಿ, ಬಿಳಿ ಅಂಗಿಯಲ್ಲೇ ಮೊಣಕಾಲೂರಿ ಕೂತ. ಅಪ್ಪ ಹೇಳಿದಾಗ ಎಳೆದ, ನಿಲ್ಲು ಅಂದಾಗ ನಿಂತ. ಒಂದು ಗಂಟೆ ಹಿಡಿಯಿತು. ಹೆಣ್ಣು ಕರು, ಬದುಕಿತು. ಅಂಗಿ ಪೂರ್ತಿ ರಕ್ತ. ಅಮ್ಮನೂ ಎದ್ದು ಬಂದಿದ್ದರು. ಅಣ್ಣನ ಒಂದು ಅಂಗಿ ತಂದು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದರು. ಅವನು ಅದನ್ನು ಹಾಕಿಕೊಂಡು ಮನೆಗೆ ಹೋದ.

ಮಾರನೇ ದಿನ ಸೋಮವಾರ. ರಾತ್ರಿಯ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತಾಡಲಿಲ್ಲ. ರಕ್ತವಾಗಿದ್ದ ಹುಡುಗನ ಅಂಗಿಯನ್ನು ಅಮ್ಮ ತಣ್ಣೀರಿನಲ್ಲಿ ನೆನೆಸಿ, ಉಜ್ಜಿ, ಬಿಳಿ ಬಟ್ಟೆಗಳ ಜೊತೆ ಮೆಷಿನ್ನಿಗೆ ಹಾಕಿದರು. ಹಗ್ಗಕ್ಕೆ ಹಾಕುವಾಗ ಅಮ್ಮನ ಕೈ ಒಂದು ಕ್ಷಣ ನಿಂತಿತು. ಹುಡುಗ ಎತ್ತರದವನು, ಅಂಗಿಯ ತೋಳು ಮನೆಯ ಬೇರೆ ಎಲ್ಲ ಅಂಗಿಗಿಂತ ಉದ್ದ. ಮೇಲೆ ಹೋದರೆ ರಸ್ತೆಯ ಎಲ್ಲರಿಗೂ ಕಾಣುತ್ತದೆ. ಅಮ್ಮ ಮೊದಲು ಒಂದು ಹಾಸಿಗೆ ಚಾದರ ಸಿಕ್ಕಿಸಿದರು, ಆಮೇಲೆ ಅದರ ಹಿಂದೆಯೇ ಅಂಗಿ, ಆಮೇಲೆ ಇನ್ನೊಂದು ಚಾದರ. ಎಳೆದರು. "ಅಮ್ಮ ಒಪ್ಪಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಆವಾಗ" ಅಂದರು ಅಜ್ಜಿ. ದಿನಚರಿಯಲ್ಲಿ ಆ ದಿನ: "ಹಾಲು ಕರೆದೆ. ಒಗೆದೆವು. ಕರು ಚೆನ್ನಾಗಿದೆ."

ಮದುವೆ ನಿಶ್ಚಯ ಆದರೂ ಗುಟ್ಟು ಬಿಡುವುದಿಲ್ಲ. ಲ್ಯಾಂಕಾಸ್ಟರಿನಲ್ಲಿ ಮದುವೆಯೆಂದರೆ ಸುಗ್ಗಿ ಮುಗಿದ ಮೇಲೆ, ನವೆಂಬರ್, ಡಿಸೆಂಬರ್ ಮೊದಲ ವಾರ. ಮಂಗಳವಾರ ಇಲ್ಲವೇ ಗುರುವಾರ, ನಡುವಿನ ದಿನಗಳು ತಯಾರಿಗೂ ತೊಳೆಯುವುದಕ್ಕೂ. ಈಗ ಜನ ಜಾಸ್ತಿಯಾಗಿ ವಸಂತದಲ್ಲೂ ಮಾಡುತ್ತಾರೆ. ಮದುವೆ ಊಟಕ್ಕೆ ಸೆಲರಿ ಎಂಬ ಉದ್ದ ದಂಟಿನ ತರಕಾರಿ ರಾಶಿ ರಾಶಿ ಬೇಕು, ಹಾಲು ಕೆನೆಯಲ್ಲಿ ಬೇಯಿಸಿದ ಪಲ್ಯಕ್ಕೂ ಬೇಕು, ಹೂವಿನ ಬದಲು ಜಾಡಿಯಲ್ಲಿಟ್ಟು ಮೇಜು ಸಿಂಗರಿಸಲೂ ಬೇಕು. ಹಾಗಾಗಿ ಮಗಳಿರುವ ಮನೆಯ ತೋಟದಲ್ಲಿ ಬೇಸಿಗೆಯಲ್ಲಿ ಸೆಲರಿ ಸಾಲು ಜಾಸ್ತಿ ಕಂಡರೆ ಅಕ್ಕಪಕ್ಕದವರಿಗೆ ಅನುಮಾನ. ಅಜ್ಜಿಯ ಅಪ್ಪ ಅರ್ಧ ಸೆಲರಿಯನ್ನು ಜೋಳದ ಸಾಲುಗಳ ಹಿಂದೆ ನೆಟ್ಟಿದ್ದರಂತೆ.

ಹುಡುಗನ ಪರವಾಗಿ ಚರ್ಚಿನ ಹಿರಿಯನಾದ ಡೀಕನ್ ಗುಟ್ಟಾಗಿ ಹುಡುಗಿಯ ಮನೆಗೆ ಬಂದು ಒಪ್ಪಿಗೆ ಖಚಿತ ಮಾಡಿಕೊಳ್ಳುತ್ತಾನೆ. ಅಕ್ಟೋಬರ್ ಕೊನೆಗೆ ಒಂದು ಭಾನುವಾರ ಚರ್ಚಿನಲ್ಲಿ ಜೋಡಿಗಳ ಹೆಸರು ಓದುತ್ತಾರೆ. ಆ ದಿನ ಹುಡುಗಿ ಚರ್ಚಿಗೆ ಹೋಗುವುದಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದು ಅವನಿಗಾಗಿ ಅಡುಗೆ ಮಾಡುತ್ತಿರುತ್ತಾಳೆ. ಹೆಸರು ಓದಿದ ಕೂಡಲೇ ಹುಡುಗ ಎದ್ದು ಹೊರಗೆ ಹೋಗಿ, ಕುದುರೆ ಕಟ್ಟಿ, ನೇರ ಅವಳ ಹತ್ತಿರ. ಇಬ್ಬರೂ ಮೊದಲ ಸಲ ಹಗಲು ಬೆಳಕಿನಲ್ಲಿ ಬಚ್ಚಿಡದೆ ಕೂತು ಉಣ್ಣುತ್ತಾರೆ. ಇಡೀ ಆಮಿಶ್ ಮದುವೆಯಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದು.

ಅಲ್ಲಿಂದ ಮದುವೆವರೆಗೆ ಹುಡುಗ ಹುಡುಗಿಯ ಮನೆಯಲ್ಲೇ ಇದ್ದು ಕೆಲಸ ಮಾಡುತ್ತಾನೆ. ಮನೆ ಮನೆಗೆ ಹೋಗಿ ಕರೆಯುವುದು ಅವನೇ. ಹಿಂದಿನ ದಿನ ಕೋಳಿಗಳ ತಲೆ ಕತ್ತರಿಸುವುದೂ ಅವನೇ. ಮುನ್ನೂರು ನಾನೂರು ಜನಕ್ಕೆ ಅಡುಗೆ, ಬಾಣಸಿಗರಿಲ್ಲ. ನಮ್ಮ ಮಲೆನಾಡಿನ ಮದುವೆ ಮನೆಗಳಲ್ಲಿ ಹಿಂದಿನ ರಾತ್ರಿ ಊರವರೆಲ್ಲ ಸೇರಿ ತರಕಾರಿ ಹೆಚ್ಚುತ್ತಿದ್ದರಲ್ಲ, ಹಾಗೇ ನೆಂಟರ ಜೋಡಿಗಳು ಬಂದು ಆಲೂಗಡ್ಡೆ ಸುಲಿಯುತ್ತಾರೆ, ಕೋಳಿಗೆ ಬ್ರೆಡ್ ಬೆರೆಸಿ ರೋಸ್ಟ್ ಮಾಡುತ್ತಾರೆ. ವಧು ತಾನೇ ಹೊಲಿದ ಬಟ್ಟೆ ಹಾಕಿಕೊಳ್ಳುತ್ತಾಳೆ, ಹೆಚ್ಚಾಗಿ ನೀಲಿ. ಉಂಗುರ ಇಲ್ಲ, ಚುಂಬನ ಇಲ್ಲ, ಹೂವಿಲ್ಲ. ಮೇಲಿನ ಬಿಳಿ ಏಪ್ರನ್ ಮತ್ತು ಹೆಗಲ ವಸ್ತ್ರವನ್ನು ಆ ದಿನ ತೊಟ್ಟು ಮಡಚಿಟ್ಟರೆ ಮತ್ತೆ ಹಾಕುವುದು ಸತ್ತಾಗ ಮಾತ್ರ. ಅಜ್ಜಿಯದ್ದು ಪೆಟ್ಟಿಗೆಯಲ್ಲಿದೆ, ನೋಡಿದ್ದೇನೆ. ಸಂಜೆ ಊಟಕ್ಕೆ ಮದುವೆಯಾಗದ ಹುಡುಗ ಹುಡುಗಿಯರನ್ನು ವಧುವೇ ಜೋಡಿ ಮಾಡಿ ಕೈ ಹಿಡಿಸಿ ಮೇಜಿಗೆ ಕಳಿಸುತ್ತಾಳೆ. ಅಲ್ಲಿ ಮುಂದಿನ ವರ್ಷದ ಮದುವೆಗಳು ಶುರುವಾಗುತ್ತವೆ.

ಮಾರನೇ ದಿನ ಹೊಸ ಜೋಡಿ ಬೆಳಿಗ್ಗೆ ಎದ್ದು ಮದುವೆಯ ಬಟ್ಟೆ, ಮೇಜಿನ ಹೊದಿಕೆ ಎಲ್ಲ ಒಗೆಯಬೇಕು. ಮೊದಲ ರಾತ್ರಿ ಹುಡುಗಿಯ ಮನೆಯಲ್ಲೇ ಉಳಿಯುವುದು ಅದಕ್ಕೇ. ಹನಿಮೂನು ಅಂತ ಎಲ್ಲಿಗೂ ಹೋಗುವುದಿಲ್ಲ. ಚಳಿಗಾಲ ಪೂರ್ತಿ ವಾರದ ಕೊನೆಗೆ ನೆಂಟರ ಮನೆಗಳಿಗೆ ಹೋಗಿ ಉಳಿಯುತ್ತಾರೆ, ಉಡುಗೊರೆಗಳು ಅಲ್ಲೇ ಸಿಗುತ್ತವೆ. ವಸಂತ ಬಂದ ಮೇಲೆ ಸ್ವಂತ ಮನೆ. ಅಜ್ಜಿ ಆ ಚಳಿಗಾಲ ವಾರದ ದಿನಗಳಲ್ಲಿ ಗಂಡನ ಪಕ್ಕ ಕೂತು ತಂಬಾಕು ಎಲೆ ಬಿಡಿಸಿದರು. ಅವನು ಮಾತಿನ ಮಲ್ಲ ಅಂತ ಗೊತ್ತಾಗಿದ್ದು ಅಲ್ಲಂತೆ, ಕುದುರೆ ಬಿಟ್ಟು ಬೇರೆ ವಿಷಯವೂ ಮಾತಾಡುತ್ತಾನೆ ಅಂತ.

ಇದನ್ನೆಲ್ಲ ಬರೆಯುವಾಗ ನನಗೆ ಬರೀ ಮೆಚ್ಚುಗೆ ಇದೆ ಅಂದುಕೊಳ್ಳಬೇಡಿ. ನನಗೂ ಮಗಳಿದ್ದಾಳೆ. ಎಂಟನೇ ತರಗತಿಗೆ ಓದು ನಿಲ್ಲುವುದು ನನಗೆ ಈಗಲೂ ನೋವು ಕೊಡುತ್ತದೆ. ಅಜ್ಜಿ ಎಂಟು ಮಕ್ಕಳನ್ನು ಹೆತ್ತು ಸಾಕಿದರು, ಒಳಗಿನ ಕೆಲಸದಲ್ಲಿ ಗಂಡಸರ ಪಾಲು ಕಡಿಮೆಯೇ. ಕೆಟ್ಟ ಗಂಡನ ಕೈಗೆ ಸಿಕ್ಕಿದ ಹೆಂಗಸಿಗೆ ಬಾಗಿಲುಗಳು ತುಂಬಾ ಕಡಿಮೆ. ದೀಕ್ಷೆಗೆ ಮೊದಲು ಬಿಟ್ಟು ಹೋದವರಿಗೆ ಬಹಿಷ್ಕಾರ ಇಲ್ಲ, ಆಮೇಲೆ ಹೋದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದಿಲ್ಲ. ಅಜ್ಜಿಯ ಒಬ್ಬ ಮಗ ಹಾಗೆ ಹೋಗಿದ್ದಾನೆ. ಅವನ ಮನೆಗೂ ನಾನೇ ಕರೆದುಕೊಂಡು ಹೋಗುತ್ತೇನೆ. ಒಂದೇ ಕೋಣೆ, ಬೇರೆ ಮೇಜು. ಆ ದಿನ ವಾಪಸ್ ಬರುವಾಗ ಅಜ್ಜಿ ಮಾತಾಡುವುದಿಲ್ಲ, ನಾನೂ ಮಾತಾಡಿಸುವುದಿಲ್ಲ. ಇಷ್ಟಿದ್ದರೂ ನೂರಕ್ಕೆ 85ರ ಮೇಲೆ ಮಕ್ಕಳು ಒಳಗೇ ಉಳಿಯುತ್ತಾರೆ. ಬರೀ ಹೆದರಿಕೆಯಿಂದ ಉಳಿಯುತ್ತಾರೆ ಅಂತ ನಾನು ನಂಬುವುದಿಲ್ಲ. ನಾಲ್ಕು ವರ್ಷದ ಮಗುವಿಗೂ ಮನೆಯಲ್ಲಿ ತನ್ನದೇ ಒಂದು ಕೆಲಸ ಇರುತ್ತದೆ, ಮೊಟ್ಟೆ ಆರಿಸುವುದೋ ಸೌದೆ ತರುವುದೋ. ಅದು ಮಾಡದಿದ್ದರೆ ನಿಜವಾಗಿ ಮನೆ ನಿಲ್ಲುತ್ತದೆ ಅಂತ ಅದಕ್ಕೆ ಗೊತ್ತು. ನಮ್ಮ ಮಕ್ಕಳಿಗೆ ಆ ಭಾವನೆ ನಾವು ಎಲ್ಲಿಂದ ಕೊಡುತ್ತೇವೆ ಅಂತ ಯೋಚಿಸಿ ನನಗೆ ಉತ್ತರ ಸಿಕ್ಕಿಲ್ಲ.

ಈಗ ಅವರಲ್ಲೂ ಅದು ಅಲುಗಾಡುತ್ತಿದೆ. ಲ್ಯಾಂಕಾಸ್ಟರಿನಲ್ಲಿ ಭೂಮಿ ಬೆಲೆ ಆಕಾಶಕ್ಕೆ ಹೋಗಿದೆ. ಹೆಚ್ಚಿನ ಗಂಡಸರು ಈಗ ರೈತರಲ್ಲ, ಮನೆ ಕಟ್ಟುವ ತಂಡ, ಪೀಠೋಪಕರಣದ ಅಂಗಡಿ, ಮರದ ಶೆಡ್ಡು ಮಾಡುವ ಕಾರ್ಖಾನೆ. ಅಜ್ಜಿಯ ಒಬ್ಬ ಮೊಮ್ಮಗ ಬೆಳಿಗ್ಗೆ ಐದಕ್ಕೆ ವ್ಯಾನ್ ಹತ್ತಿ, ಊಟದ ಡಬ್ಬಿ ಹಿಡಿದು ಹೋಗುತ್ತಾನೆ, ಸಂಜೆ ಬರುತ್ತಾನೆ. ಅವನ ಹುಡುಗಿ ಫಿಲಡೆಲ್ಫಿಯಾದ ಮಾರುಕಟ್ಟೆಯಲ್ಲಿ ವಾರಕ್ಕೆ ಮೂರು ದಿನ ಪ್ರೆಟ್ಜೆಲ್ ಮಾರುತ್ತಾಳೆ. ಇಬ್ಬರ ಹತ್ತಿರವೂ ಮೊಬೈಲು ಇದೆ ಅಂತ ಅಜ್ಜಿಗೆ ಗೊತ್ತು. ಅವರ ಚಿಂತೆ ಮೊಬೈಲಿನದ್ದಲ್ಲ. ಆ ಹುಡುಗಿ ಅವನನ್ನು ಕೆಲಸ ಮಾಡುವಾಗ ಒಂದು ಸಲವೂ ನೋಡಿಲ್ಲ, ಅವನೂ ಅವಳನ್ನು ನೋಡಿಲ್ಲ. ಅದು ಹೇಗೆ ಒಪ್ಪಿಕೊಂಡರು ಅಂತ ಅವರ ಪ್ರಶ್ನೆ.

ಅದಕ್ಕೆ ಈ ಅಕ್ಟೋಬರಿನಲ್ಲಿ ಲಾಟ್ವರಿಕ್ ಎಂಬ ಸೇಬಿನ ಲೇಹ್ಯ ಕಾಯಿಸುವ ಶನಿವಾರ ಇಬ್ಬರನ್ನೂ ಕರೆಸಿದರು. ಅಂಗಳದಲ್ಲಿ ಬೆಂಕಿ, ಮೇಲೆ ದೊಡ್ಡ ತಾಮ್ರದ ಕೊಪ್ಪರಿಗೆ, ಸೇಬಿನ ರಸ ಅರ್ಧ ಇಂಗಿದ ಮೇಲೆ ಹೆಚ್ಚಿದ ಸೇಬು ಸುರಿದು ಕಪ್ಪಗೆ ಗಟ್ಟಿಯಾಗುವವರೆಗೆ ತಿರುವುತ್ತಲೇ ಇರಬೇಕು. ಉದ್ದ ಹಿಡಿಯ ಮರದ ಸೌಟು, ಇಬ್ಬರು ಹಿಡಿಯುವಂಥದ್ದು. ಒಂದು ನಿಮಿಷ ಬಿಟ್ಟರೆ ತಳ ಹತ್ತುತ್ತದೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಅವರಿಬ್ಬರನ್ನೇ ಅಲ್ಲಿ ನಿಲ್ಲಿಸಿದರು, ಬೇರೆ ಯಾರಿಗೂ ಸೌಟು ಕೊಡಲಿಲ್ಲ. ನಾನು ಜಗಲಿಯಲ್ಲಿ ಸೇಬು ಸುಲಿಯುತ್ತಾ ನೋಡುತ್ತಿದ್ದೆ. ಮೊದಲು ಇಬ್ಬರೂ ಬೇರೆ ಬೇರೆ ಕಡೆಗೆ ಎಳೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಗೆ ಯಾವ ಕಡೆ ತಿರುಗಿದರೂ ಮಾತಿಲ್ಲದೆ ಜಾಗ ಬದಲಾಯಿಸಿಕೊಳ್ಳುತ್ತಿದ್ದರು.

ಜಾಡಿಗೆ ತುಂಬಿಸಿ ಮುಗಿದ ಮೇಲೆ ಅಜ್ಜಿಯನ್ನು ಕೇಳಿದೆ, ಏನನ್ನಿಸಿತು? ಹುಡುಗಿ ಗಟ್ಟಿ, ಹುಡುಗನಿಗೆ ತೋಳು ಬೇಗ ಸೋಲುತ್ತದೆ, ಆದರೆ ಸೌಟು ಬಿಡಲಿಲ್ಲ ಅಂದರು. ಮದುವೆ ಯಾವಾಗ ಅಂತ ನಾನು ಕೇಳಲಿಲ್ಲ, ಕೇಳಬಾರದು. ನವೆಂಬರಿನ ಎರಡನೇ ಗುರುವಾರ ಕಾರು ಬೇರೆ ಯಾರಿಗೂ ಒಪ್ಪಿಕೊಳ್ಳಬೇಡ, ಓಹಾಯೋದಿಂದ ತಂಗಿ ಬರುವವಳಿದ್ದಾಳೆ ಅಂತ ಮಾತ್ರ ಹೇಳಿದ್ದಾರೆ.